ಡಬ್ಬಿ ಮೇಲೆ 525 ಪಟ್ಟು ಅಂತಿದೆ, ನನಗೆ ಕಂಡಿದ್ದು ಬೂದು ಬಣ್ಣದ ಮಸುಕು. ತಪ್ಪು ಎಲ್ಲಿದೆ?

ತಾರಸಿಯವನು

ಎಲ್ಲರಿಗೂ ನಮಸ್ಕಾರ. ಆಕಾಶ ನೋಡುವ ಹುಚ್ಚು ಹತ್ತಿ ಎರಡು ತಿಂಗಳಾಯಿತು. ಶನಿಯ ಉಂಗುರ, ಗುಲಾಬಿ ಬಣ್ಣದ ನೀಹಾರಿಕೆ (ಆಕಾಶದಲ್ಲಿನ ಅನಿಲ, ದೂಳಿನ ಮೋಡ), ಇಂಥ ಫೋಟೋಗಳನ್ನು ನೋಡಿ ನೋಡಿ ತಡೆಯಲಾಗದೆ ಒಂದು ಟೆಲಿಸ್ಕೋಪ್ ಕೊಂಡೆ. ಕೊಳವೆಯ ಮೇಲೆ 70 ಮಿಲಿಮೀಟರ್ ಲೆನ್ಸ್, 700 ಮಿಲಿಮೀಟರ್ ಫೋಕಲ್ ಲೆಂತ್ (ಲೆನ್ಸಿನಿಂದ ಚಿತ್ರ ಮೂಡುವ ಜಾಗದವರೆಗಿನ ದೂರ) ಅಂತ ಬರೆದಿದೆ. ಜೊತೆಗೆ 20, 12.5 ಮತ್ತು 4 ಮಿಲಿಮೀಟರಿನ ಮೂರು ಐಪೀಸ್ (ಕಣ್ಣಿಡುವ ಕಡೆ ಹಾಕುವ ಪುಟ್ಟ ಲೆನ್ಸು), ಐಪೀಸಿನ ಪವರನ್ನು ಇನ್ನೂ ಹಿಗ್ಗಿಸುವ ಒಂದು 3 ಪಟ್ಟಿನ ಬಾರ್ಲೋ ಲೆನ್ಸ್. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 525 ಪಟ್ಟು!

ಮೊದಲ ರಾತ್ರಿ ಚಳಿ ಅಂತ ಕೋಣೆಯೊಳಗೇ ನಿಲ್ಲಿಸಿಕೊಂಡು ಮುಚ್ಚಿದ ಕಿಟಕಿಯ ಗಾಜಿನ ಮೂಲಕ ನೋಡಿದೆ. ನಗಬೇಡಿ. ಒಂದು ನಕ್ಷತ್ರ ಮೂರಾಗಿ ಕಂಡಿತು, ಮೂರೂ ಕಲಸಿಹೋಗಿದ್ದವು. ಮಾರನೇ ರಾತ್ರಿ ತಾರಸಿಗೆ ಒಯ್ದೆ. ಇರುವುದರಲ್ಲಿ ದೊಡ್ಡ ಪವರ್ ಇರಲಿ ಅಂತ 4ರ ಐಪೀಸ್ ಮತ್ತು ಬಾರ್ಲೋ ಎರಡನ್ನೂ ಸೇರಿಸಿ ಹಾಕಿದೆ. ಬರೀ ಕತ್ತಲೆ. ಅಪ್ಪಿತಪ್ಪಿ ಏನಾದರೂ ಬೆಳ್ಳಗೆ ಬಂದರೂ ಹಿಡಿದು ನೋಡುವಷ್ಟರಲ್ಲಿ ಜಾರಿಹೋಗುತ್ತದೆ, ಕೊಳವೆ ಮುಟ್ಟಿದರೆ ಭೂಕಂಪ ಆದ ಹಾಗೆ ಅಲ್ಲಾಡುತ್ತದೆ.

ಒಂದು ಸಲ ಮಾತ್ರ, 20ರ ಐಪೀಸಿನಲ್ಲಿ, ಒರಾಯನ್ ನಕ್ಷತ್ರಪುಂಜದ ಮೂರು ಚುಕ್ಕೆಗಳ ಕೆಳಗೆ ಏನೋ ಸಿಕ್ಕಿತು. ಫೋನಿನಲ್ಲಿರುವ ಆಕಾಶ ನಕ್ಷೆಯ ಆ್ಯಪ್ ಪ್ರಕಾರ ಅದು ನೀಹಾರಿಕೆ. ನನ್ನ ಕಣ್ಣಿಗೆ ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಒಂದು ಬೂದು ಮಸುಕು, ಅಷ್ಟೇ. ಇಷ್ಟಕ್ಕಾ ನಾನು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದು ಅನ್ನಿಸಿಬಿಟ್ಟಿತು.

ಇನ್ನೆರಡು ಅನುಮಾನ. ಒಂದು, ಹೋದ ತಿಂಗಳು ರಾತ್ರಿ 9 ಗಂಟೆಗೆ ಪೂರ್ವದಲ್ಲಿದ್ದ ನಕ್ಷತ್ರಗಳು ಈಗ ಅದೇ ಹೊತ್ತಿಗೆ ನೆತ್ತಿಯ ಹತ್ತಿರ ಬಂದಿವೆ, ನಾನು ತಪ್ಪು ನಕ್ಷತ್ರ ನೋಡುತ್ತಿದ್ದೇನಾ? ಎರಡು, ಆ್ಯಪ್ ತೋರಿಸುವ ದಿಕ್ಕಿಗೂ ಆಕಾಶಕ್ಕೂ ಹೊಂದುವುದೇ ಇಲ್ಲ.

ಶಾಲೆಯಲ್ಲಿ ನನಗೆ ಲೆಕ್ಕ ಅಂದರೆ ಜ್ವರ ಬರುತ್ತಿತ್ತು. ಇದೆಲ್ಲ ನನ್ನಂಥವನಿಗೆ ಅಲ್ಲ ಅಂತಾದರೆ ಈಗಲೇ ಹೇಳಿಬಿಡಿ.

ಹಳೇ ದುರ್ಬೀನು

ಮೊದಲು ಆ ಬಾರ್ಲೋವನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿ. 4ರ ಐಪೀಸನ್ನೂ ಅದರ ಜೊತೆಗೇ ಕಳಿಸಿಬಿಡಿ.

ಲೆಕ್ಕ ಬರುವುದಿಲ್ಲ ಅಂದಿರಿ, ಒಂದೇ ಒಂದು ಭಾಗಾಕಾರ ಸಾಕು. ಕೊಳವೆಯ ಫೋಕಲ್ ಲೆಂತ್ ಅನ್ನು ಐಪೀಸಿನ ಸಂಖ್ಯೆಯಿಂದ ಭಾಗಿಸಿ. 700ನ್ನು 20ರಿಂದ ಭಾಗಿಸಿದರೆ 35 ಪಟ್ಟು. 12.5ರಿಂದ ಭಾಗಿಸಿದರೆ 56. 4ರಿಂದ ಭಾಗಿಸಿದರೆ 175, ಅದಕ್ಕೆ ಬಾರ್ಲೋದ 3 ಗುಣಿಸಿದರೆ ನಿಮ್ಮ ಡಬ್ಬಿಯ 525. ಅಂದರೆ ಡಬ್ಬಿಯವರು ಸುಳ್ಳು ಹೇಳಿಲ್ಲ, ಆದರೆ ಅದರಿಂದ ನಿಮಗೆ ಏನೂ ಕಾಣುವುದಿಲ್ಲ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಯಾಕೆ ಅಂದರೆ ಒಳಗೆ ಬರುವ ಬೆಳಕು ಅಷ್ಟೇ. ನಿಮ್ಮ 70 ಮಿಲಿಮೀಟರ್ ಗಾಜು ಹಿಡಿದಷ್ಟು. ಒಂದು ಡಬ್ಬಿ ಬಣ್ಣದಲ್ಲಿ ಬಾಗಿಲು ಬಳಿದರೆ ಗಟ್ಟಿಯಾಗಿ ಕೂರುತ್ತದೆ, ಅದೇ ಡಬ್ಬಿಯಲ್ಲಿ ಮನೆ ಪೂರ್ತಿ ಬಳಿಯಲು ಹೋದರೆ? 35ರಿಂದ 525ಕ್ಕೆ ಹೋದಾಗ ಚಿತ್ರ ಉದ್ದಕ್ಕೆ 15 ಪಟ್ಟು, ಅಗಲಕ್ಕೆ 15 ಪಟ್ಟು ಹಿಗ್ಗಿತು. ಅದೇ ಬೆಳಕು 225 ಪಟ್ಟು ಜಾಗಕ್ಕೆ ಹಂಚಿಹೋಯಿತು. ಕತ್ತಲೆ ಕಾಣದೆ ಇನ್ನೇನು ಕಾಣುತ್ತದೆ.

ನಾವೆಲ್ಲ ಇಟ್ಟುಕೊಳ್ಳುವ ಅಂದಾಜು ಏನೆಂದರೆ, ಲೆನ್ಸಿನ ಒಂದು ಮಿಲಿಮೀಟರಿಗೆ 2 ಪಟ್ಟು. ನಿಮ್ಮದಕ್ಕೆ 140. ಅದೂ ಗಾಳಿ ಅಲುಗಾಡದೆ ನಿಂತ ರಾತ್ರಿ ಮಾತ್ರ. ದಿನಬಳಕೆಗೆ ನಿಮ್ಮ 35 ಮತ್ತು 56 ಧಾರಾಳ. ಇನ್ನೊಂದು ಮಾತು ಹೇಳುತ್ತೇನೆ, ಯಾರೂ ನಂಬುವುದಿಲ್ಲ: ಗುರು ಗ್ರಹ ಭೂಮಿಗೆ ಹತ್ತಿರ ಇರುವ ತಿಂಗಳುಗಳಲ್ಲಿ, ಬರೀ 35 ಪಟ್ಟಿನಲ್ಲಿ ನೋಡಿದರೆ, ಬರಿಗಣ್ಣಿಗೆ ಚಂದ್ರ ಎಷ್ಟು ದೊಡ್ಡದಾಗಿ ಕಾಣುತ್ತಾನೋ ಹೆಚ್ಚುಕಮ್ಮಿ ಅಷ್ಟೇ ದೊಡ್ಡದಾಗಿರುತ್ತದೆ. ಸುತ್ತ ಕಪ್ಪು ಬಯಲು ಇರುವುದರಿಂದ ಚಿಕ್ಕದು ಅನ್ನಿಸುತ್ತದೆ ಅಷ್ಟೇ. ಅಳತೆ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಜಾರಿಹೋಗುವ ವಿಷಯ. ಅದು ಜಾರುತ್ತಿಲ್ಲ, ನೀವು ಜಾರುತ್ತಿದ್ದೀರಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. 525 ಪಟ್ಟಿನಲ್ಲಿ ನಿಮಗೆ ಕಾಣುವ ಆಕಾಶದ ತುಂಡು ಎಷ್ಟು ಚಿಕ್ಕದು ಅಂದರೆ, ನಕ್ಷತ್ರ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಲು ಇಪ್ಪತ್ತು ಸೆಕೆಂಡೂ ಬೇಡ. 35ರಲ್ಲಿ ನಾಲ್ಕು ನಿಮಿಷಕ್ಕಿಂತ ಜಾಸ್ತಿ ಸಿಗುತ್ತದೆ. ಆರಾಮಾಗಿ ನೋಡಬಹುದು.

ಇನ್ನು ಫೈಂಡರ್. ಕೊಳವೆಯ ಬೆನ್ನ ಮೇಲೆ ಕೂತಿರುವ ಪುಟ್ಟ ದುರ್ಬೀನು ಇದೆಯಲ್ಲ, ಅದು ದೊಡ್ಡ ಕೊಳವೆ ನೋಡುವ ಕಡೆಗೇ ನೋಡುತ್ತಿದೆ ಅಂತ ಯಾರು ಹೇಳಿದರು ನಿಮಗೆ? ಹೊಸದಾಗಿ ಜೋಡಿಸಿದಾಗ ಅದು ಎಲ್ಲೋ ನೋಡುತ್ತಿರುತ್ತದೆ. ಇದನ್ನು ರಾತ್ರಿ ಸರಿ ಮಾಡಲು ಹೋಗಿ ಎಷ್ಟೋ ಜನ ಟೆಲಿಸ್ಕೋಪನ್ನೇ ಅಟ್ಟಕ್ಕೆ ಹಾಕಿದ್ದಾರೆ. ಹಗಲಲ್ಲಿ ಮಾಡಿ. ದೂರದ ಒಂದು ಕಂಬದ ತುದಿಯನ್ನು 20ರ ಐಪೀಸಿನಲ್ಲಿ ನಡುವಿಗೆ ತನ್ನಿ, ಆಮೇಲೆ ಫೈಂಡರಿನ ತಿರುಪುಗಳನ್ನು ತಿರುಗಿಸಿ ಅದೇ ತುದಿ ಅದರ ಗೆರೆಗಳ ಕೂಡುವ ಜಾಗಕ್ಕೆ ಬರುವ ಹಾಗೆ ಮಾಡಿ. ಫೈಂಡರಿನಲ್ಲಿ ಕಂಬ ತಲೆಕೆಳಗಾಗಿ ಕಾಣುತ್ತದೆ, ಗಾಬರಿ ಬೇಡ. ಐದು ನಿಮಿಷದ ಕೆಲಸ.

ಹಗಲಲ್ಲಿ ಮಾಡುವಾಗ ಸೂರ್ಯ ಇರುವ ಕಡೆಗೆ ಕೊಳವೆ ತಿರುಗಿಸಲೇಬೇಡಿ. ಫೈಂಡರಿನಲ್ಲೂ ಬೇಡ, ಒಂದು ಕ್ಷಣಕ್ಕೂ ಬೇಡ. ಕಣ್ಣು ಹೋಗುತ್ತದೆ, ನೋವು ಕೂಡ ಆಗುವುದಿಲ್ಲ.

ಕಿಟಕಿ ಗಾಜಿನ ಕಥೆಗೆ ನಗಲಿಲ್ಲ. ನಾನು ಶುರು ಮಾಡಿದ್ದೂ ಅಲ್ಲಿಂದಲೇ.

ಬರಿಗಣ್ಣಿನವಳು

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೂ ನಾನಾಗಿದ್ದರೆ ಒಂದು ತಿಂಗಳು ಟೆಲಿಸ್ಕೋಪಿಗೆ ರಜ ಕೊಡುತ್ತಿದ್ದೆ. ಊರಿನ ದಾರಿಯೇ ಗೊತ್ತಿಲ್ಲದವರಿಗೆ ಮನೆ ನಂಬರ್ ಕೊಟ್ಟು ಹುಡುಕು ಅಂದ ಹಾಗೆ ಇದು. 35 ಪಟ್ಟಿನಲ್ಲೂ ನಿಮಗೆ ಕಾಣುವುದು ಚಂದ್ರನ ಎರಡರಷ್ಟು ಅಗಲದ ಆಕಾಶ. ಅಷ್ಟು ಸಣ್ಣ ಕಿಂಡಿಯಲ್ಲಿ ಹುಡುಕಬೇಕಾದರೆ ಮೊದಲು ಎಲ್ಲಿ ಹುಡುಕಬೇಕು ಅಂತ ಕಣ್ಣಿಗೆ ಗೊತ್ತಿರಬೇಕಲ್ವಾ?

ಒರಾಯನ್ ನಿಮಗೆ ಆಗಲೇ ಪರಿಚಯ. ನಮ್ಮ ಹಳಬರು ಮಹಾವ್ಯಾಧ ಅನ್ನುತ್ತಿದ್ದರು, ಬೇಟೆಗಾರ. ಸೊಂಟದ ಮೂರು ಚುಕ್ಕೆಗಳನ್ನೇ ಬಾಣದ ಹಾಗೆ ಹಿಡಿಯಿರಿ. ಆ ಗೆರೆಯನ್ನು ಒಂದು ಕಡೆಗೆ ಎಳೆದರೆ ಲುಬ್ಧಕ ಸಿಗುತ್ತದೆ, ರಾತ್ರಿ ಆಕಾಶದ ಅತಿ ಹೊಳಪಿನ ನಕ್ಷತ್ರ. ಇನ್ನೊಂದು ಕಡೆಗೆ ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ, ಹಾಗೇ ಮುಂದೆ ಹೋದರೆ ಕೃತ್ತಿಕೆಯ ಗೊಂಚಲು. ಮೂರು ಚುಕ್ಕೆಯಿಂದ ಅರ್ಧ ಆಕಾಶ ಆಯಿತು. ಈಗ ಬೇಟೆಗಾರನ ಭುಜದ ಆರ್ದ್ರಾ ನಕ್ಷತ್ರವನ್ನೂ ಕಾಲಿನ ರೈಜೆಲ್ ನಕ್ಷತ್ರವನ್ನೂ ಒಂದಾದ ಮೇಲೊಂದು ನೋಡಿ. ಒಂದು ಕೆಂಪು, ಇನ್ನೊಂದು ನೀಲಿ ಮಿಶ್ರಿತ ಬಿಳಿ. ಕಾಯಿಸಿದ ಕಬ್ಬಿಣ ಮೊದಲು ಕೆಂಪಗಾಗಿ, ಇನ್ನೂ ಕಾದರೆ ಬೆಳ್ಳಗಾಗುವ ಹಾಗೆಯೇ ಇದು. ಆರ್ದ್ರಾದ ಮೈಬಿಸಿ 3,500 ಡಿಗ್ರಿಯ ಆಸುಪಾಸು, ರೈಜೆಲ್‌ದು 12,000ದ ಹತ್ತಿರ. ಇಷ್ಟು ವರ್ಷ ತಲೆ ಎತ್ತಿ ನೋಡಿದ್ದರೂ ನಕ್ಷತ್ರಗಳಿಗೆ ಬಣ್ಣ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಯಾರೋ ಹೇಳಿದ ಮೇಲೆ ಕಂಡಿತು, ಆಮೇಲೆ ಕಾಣದೇ ಇರುವುದು ಸಾಧ್ಯವಾಗಲಿಲ್ಲ. 2019ರ ಕೊನೆಗೆ ಅದೇ ಆರ್ದ್ರಾ ಮಂಕಾಗುತ್ತಾ ಹೋಗಿ 2020ರ ಫೆಬ್ರವರಿಯಲ್ಲಿ ಬರಿಗಣ್ಣಿಗೇ ಗೊತ್ತಾಗುವಷ್ಟು ಸೊರಗಿತ್ತು. ಸಿಡಿಯುತ್ತದಾ ಅಂತ ಎಲ್ಲರೂ ಕಾದರು. ಕೊನೆಗೆ ನೋಡಿದರೆ, ನಕ್ಷತ್ರವೇ ಉಗುಳಿದ ದೂಳು ಅಡ್ಡ ಬಂದಿತ್ತಂತೆ.

ನಿಮ್ಮ ಬೂದು ಮಸುಕಿಗೆ ಬರುತ್ತೇನೆ. ಅದು ನಿಮ್ಮ ಸೋಲಲ್ಲ, ನೀವು ನಿಜವಾಗಿಯೂ ನೀಹಾರಿಕೆಯನ್ನು ನೋಡಿದ್ದೀರಿ. ಕಣ್ಣಿನಲ್ಲಿ ಎರಡು ಬಗೆಯ ಕೋಶಗಳಿವೆ. ಬಣ್ಣ ಗುರುತಿಸುವವು ಬೆಳಕು ಜಾಸ್ತಿ ಕೇಳುತ್ತವೆ, ಕತ್ತಲಲ್ಲಿ ಕೆಲಸ ಮಾಡುವವಕ್ಕೆ ಬಣ್ಣವೇ ಗೊತ್ತಿಲ್ಲ. ಆದ್ದರಿಂದ ಮಂದ ಬೆಳಕಿನದ್ದೆಲ್ಲ ಬೂದು. ಫೋಟೋದಲ್ಲಿ ಕ್ಯಾಮೆರಾ ನಿಮಿಷಗಟ್ಟಲೆ, ಗಂಟೆಗಟ್ಟಲೆ ಬೆಳಕು ಕೂಡಿಸುತ್ತದೆ. ಕಣ್ಣಿಗೆ ಆ ಸೌಲಭ್ಯ ಇಲ್ಲ.

ಆದರೆ ಆ ಮಸುಕನ್ನೇ ಇನ್ನೂ ಚೆನ್ನಾಗಿ ನೋಡಬಹುದು. ಕತ್ತಲೆಗೆ ಕಣ್ಣು ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಅಷ್ಟು ಹೊತ್ತು ಸುಮ್ನೆ ಕೂತಿರಿ. ನಡುವೆ ಒಂದು ಸಲ ಫೋನ್ ತೆರೆದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. (ಆ್ಯಪ್ ನೋಡಲೇಬೇಕಾದರೆ ಅದರಲ್ಲಿ ಕೆಂಪು ಪರದೆಯ ರಾತ್ರಿ ಮೋಡ್ ಇರುತ್ತದೆ.) ಆಮೇಲೆ ನೀಹಾರಿಕೆಯನ್ನು ನೇರ ದಿಟ್ಟಿಸಬೇಡಿ. ಅದರ ಪಕ್ಕಕ್ಕೆ ನೋಡಿ, ಗಮನ ಮಾತ್ರ ಅದರ ಮೇಲಿರಲಿ. ಕಣ್ಣಿನ ನಟ್ಟನಡುವೆ ಕತ್ತಲೆಯ ಕೋಶಗಳೇ ಇಲ್ಲ, ಅವು ಸುತ್ತ ಇವೆ. ಓರೆಗಣ್ಣಿಗೆ ಆ ಮಸುಕು ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಎರಡೂ ಕಡೆಗೆ ಹರಡಿಕೊಳ್ಳುತ್ತದೆ. ನೇರ ನೋಡಿದ ತಕ್ಷಣ ಮತ್ತೆ ಮುದುಡುತ್ತದೆ. ತಮಾಷೆಯಾಗಿರುತ್ತದೆ. ನಡುವೆ ನಾಲ್ಕು ಪುಟ್ಟ ನಕ್ಷತ್ರಗಳ ಗುಂಪು ಇದೆ, ಅದನ್ನು 56ರಲ್ಲಿ ಹುಡುಕಿ.

ತಿಂಗಳಿಗೆ ಜಾಗ ಬದಲಾಯಿಸುವುದು: ಭೂಮಿ ತನ್ನ ಸುತ್ತ ಒಂದು ಪೂರ್ತಿ ಸುತ್ತು ಹಾಕಲು ಬೇಕಾಗುವುದು 23 ಗಂಟೆ 56 ನಿಮಿಷ. ಅಷ್ಟರಲ್ಲಿ ಅದು ಸೂರ್ಯನ ಸುತ್ತಲೂ ಸ್ವಲ್ಪ ಮುಂದೆ ಹೋಗಿರುತ್ತದೆ, ಹಾಗಾಗಿ ಸೂರ್ಯನನ್ನು ಮತ್ತೆ ಎದುರಿಗೆ ತರಲು ಇನ್ನೂ 4 ನಿಮಿಷ ತಿರುಗಬೇಕು. ನಮ್ಮ ಗಡಿಯಾರ ಸೂರ್ಯನದ್ದು. ಅದರ ಪ್ರಕಾರ ನಕ್ಷತ್ರಗಳು ದಿನಾ 4 ನಿಮಿಷ ಬೇಗ ಹುಟ್ಟುತ್ತವೆ. ತಿಂಗಳಿಗೆ 2 ಗಂಟೆ. ನೀವು ಯಾರೂ ಹೇಳದೆ ಇದನ್ನು ಗಮನಿಸಿದ್ದೀರಿ, ಈ ವಿದ್ಯೆ ನಿಮಗಲ್ಲ ಅಂತ ಯಾಕೆ ಅಂದುಕೊಂಡಿರಿ?

ಆ್ಯಪ್ ದಿಕ್ಕು ತಪ್ಪುವುದಕ್ಕೆ ಫೋನನ್ನು ಸ್ಟ್ಯಾಂಡಿನ ಕಬ್ಬಿಣದ ಹತ್ತಿರ ಹಿಡಿದಿರಬಹುದು. ನಾಲ್ಕು ಹೆಜ್ಜೆ ದೂರ ಹೋಗಿ ಗಾಳಿಯಲ್ಲಿ 8 ಬರೆದ ಹಾಗೆ ಫೋನ್ ಆಡಿಸಿ, ದಿಕ್ಸೂಚಿ ಸರಿಹೋಗುತ್ತದೆ.

ದೊಡ್ಡ ಕನ್ನಡಿ

ಯಾಕ್ರೀ ಇಷ್ಟೆಲ್ಲ ಕಷ್ಟ. 70 ಮಿಲಿಮೀಟರ್ ಆಟಿಕೆ, ಮಾರಿಬಿಡಿ. 8 ಇಂಚಿನ ಡಾಬ್ಸೋನಿಯನ್ (ಲೆನ್ಸಿನ ಬದಲು ದೊಡ್ಡ ಕನ್ನಡಿ ಇರುವ ಟೆಲಿಸ್ಕೋಪ್) ಇಟ್ಟುಕೊಳ್ಳಿ, ಎಂಟು ಪಟ್ಟಿಗಿಂತ ಜಾಸ್ತಿ ಬೆಳಕು ಹಿಡಿಯುತ್ತದೆ. ನಾನು ಅದನ್ನೇ ಮಾಡಿದ್ದು, ಹಿಂದೆ ತಿರುಗಿ ನೋಡಿಲ್ಲ.

ಹಳೇ ದುರ್ಬೀನು

ಹಿಂದೆ ತಿರುಗಿ ನೋಡಲು ಬೆನ್ನು ಬಿಟ್ಟರೆ ತಾನೇ, ಅದನ್ನು ಮೆಟ್ಟಿಲು ಹತ್ತಿಸಿ ಹತ್ತಿಸಿ! ಡಾಬ್ಸೋನಿಯನ್ ಚೆನ್ನಾಗಿಲ್ಲ ಅನ್ನುತ್ತಿಲ್ಲ. ಎರಡು ತಿಂಗಳ ಹುಡುಗನಿಗೆ ಅಲ್ಲ ಅನ್ನುತ್ತಿದ್ದೇನೆ. ಗೆಲಿಲಿಯೋ 1610ರಲ್ಲಿ ಗುರುವಿನ ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನ ಕೊಳವೆಯಲ್ಲಿ. ಇವರ ಕೈಯಲ್ಲಿರುವ ಗಾಜು ಅದಕ್ಕಿಂತ ಎಷ್ಟೋ ಮೇಲು. ಶನಿಯ ಉಂಗುರ ಅವನಿಗೆ ಉಂಗುರ ಅಂತಲೇ ತಿಳಿಯಲಿಲ್ಲ, ಗ್ರಹದ ಎರಡೂ ಪಕ್ಕ ಎರಡು ಗುಂಡುಗಳಿವೆ ಅಂದುಕೊಂಡ. 1612ರಲ್ಲಿ ಉಂಗುರ ನಮ್ಮ ಕಡೆಗೆ ಅಂಚು ತಿರುಗಿಸಿದಾಗ ಆ ಗುಂಡುಗಳು ಮಾಯವಾಗಿ ಅವನ ತಲೆ ಕೆಟ್ಟಿತು. ಇವರು 56ರಲ್ಲಿ ಉಂಗುರವನ್ನು ಉಂಗುರವಾಗಿಯೇ ನೋಡಬಹುದು. ಆಟಿಕೆಯಂತೆ!

ದೊಡ್ಡ ಕನ್ನಡಿ

ಸರಿ ಸರಿ, ಆಟಿಕೆ ವಾಪಸ್ ತಗೊಂಡೆ. ಬೆನ್ನಿನ ವಿಷಯ ನಿಜ.

ತಾರಸಿಯವನು

ಹನ್ನೊಂದು ದಿನ ಆಯಿತು, ಅದರಲ್ಲಿ ಆರು ದಿನ ಮೋಡ. ಬಂದು ವರದಿ ಒಪ್ಪಿಸುತ್ತಿದ್ದೇನೆ.

ಫೈಂಡರ್ ನೋಡುತ್ತಿದ್ದದ್ದು ಪಕ್ಕದ ಮನೆಯ ನೀರಿನ ಟ್ಯಾಂಕು. ಕೊಳವೆ ನೋಡುತ್ತಿದ್ದದ್ದು ಅದರಾಚೆಯ ಮರ. ಎರಡು ತಿಂಗಳು ನಾನು ಆಕಾಶದಲ್ಲಿ ಪಕ್ಕದ ಬೀದಿಯಲ್ಲಿ ಹುಡುಕುತ್ತಿದ್ದೆ ಅಂತಾಯಿತು.

ಸರಿ ಮಾಡಿದ ರಾತ್ರಿಯೇ ಚಂದ್ರನನ್ನು ನೋಡಿದೆ. ಅರ್ಧ ಚಂದ್ರ ಇತ್ತು. ಹುಣ್ಣಿಮೆಗೆ ಚೆನ್ನಾಗಿ ಕಾಣುತ್ತದೆ ಅಂದುಕೊಂಡಿದ್ದೆ, ಆದರೆ ಬೆಳಕು ಕತ್ತಲೆ ಸೇರುವ ಗೆರೆಯ ಹತ್ತಿರ ಕಂಡದ್ದನ್ನು ಹೇಗೆ ಹೇಳಲಿ. ಕುಳಿಗಳ ಅರ್ಧದಲ್ಲಿ ಶಾಯಿ ತುಂಬಿದ ಹಾಗೆ ನೆರಳು. ಗೆರೆಯ ಆಚೆ, ಪೂರ್ತಿ ಕತ್ತಲಲ್ಲಿ, ಒಂದು ಒಂಟಿ ಬಿಳಿ ಚುಕ್ಕೆ ಹೊಳೆಯುತ್ತಿತ್ತು. ಲೆನ್ಸಿನ ಮೇಲೆ ದೂಳು ಅಂತ ಒರೆಸಿದೆ. ಹೋಗಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಅದು ಚುಕ್ಕೆಯಲ್ಲ, ಒಂದು ಪುಟ್ಟ ಗೆರೆ ಆಗಿತ್ತು. ಬೆಟ್ಟದ ತುದಿಗೆ ಬಿಸಿಲು ಬೀಳುತ್ತಿತ್ತು! ಬೇರೆ ಲೋಕದ ಬೆಳಗಾಗುವುದನ್ನು ನಾನು ಇಲ್ಲಿ ಕಂಬಳಿ ಹೊದ್ದುಕೊಂಡು ನೋಡಿದೆ.

ಗುರುವಿನ ಪಕ್ಕ ನಾಲ್ಕು ಚುಕ್ಕೆ, ಒಂದೇ ಸಾಲಿನಲ್ಲಿ. ಮಾರನೇ ದಿನ ಅವೇ ನಾಲ್ಕು, ಬೇರೆ ಜಾಗದಲ್ಲಿ. ಅದಕ್ಕೂ ಮುಂಚೆ ಒಂದು ಎಡವಟ್ಟು ಆಯಿತು, ಗುರು ಅಂತ ಹತ್ತು ನಿಮಿಷ ಲುಬ್ಧಕವನ್ನು ನೋಡಿದೆ. ಎಷ್ಟು ಫೋಕಸ್ ಮಾಡಿದರೂ ಚುಕ್ಕೆ ಚುಕ್ಕೆಯಾಗಿಯೇ ಇತ್ತು, ಕೆಂಪು ಹಸಿರು ನೀಲಿ ಅಂತ ಮಿಂಚುತ್ತಿತ್ತು.

ಇನ್ನೊಂದು ಪ್ರಶ್ನೆ. ನಾವು ನೋಡುವ ನಕ್ಷತ್ರಗಳೆಲ್ಲ ಯಾವತ್ತೋ ಸತ್ತುಹೋಗಿವೆ, ಬರೀ ಬೆಳಕು ಬರುತ್ತಿದೆ ಅಂತ ಗೆಳೆಯನೊಬ್ಬ ಹೇಳಿದ. ಹೌದಾ? ಕೇಳಿದಾಗಿಂದ ಒಂಥರಾ ಬೇಜಾರು.

ಬರಿಗಣ್ಣಿನವಳು

ಬೇಜಾರು ಬಿಡಿ, ಅದು ಸುಳ್ಳು. ಕೇಳಲು ಚೆನ್ನಾಗಿದೆ ಅಂತ ಎಲ್ಲರೂ ಹೇಳಿಕೊಂಡು ಓಡಾಡುತ್ತಾರೆ. ಬರಿಗಣ್ಣಿಗೆ ಕಾಣುವ ನಕ್ಷತ್ರಗಳು ಹೆಚ್ಚೆಂದರೆ ಕೆಲವು ಸಾವಿರ ಬೆಳಕಿನ ವರ್ಷ ದೂರದವು. ಲುಬ್ಧಕ 8.6, ಕೃತ್ತಿಕೆ ಸುಮಾರು 440. ನಕ್ಷತ್ರಗಳ ಆಯುಸ್ಸು ಲಕ್ಷ, ಕೋಟಿ ವರ್ಷಗಳ ಲೆಕ್ಕದ್ದು. ನಾಲ್ಕುನೂರು ವರ್ಷ ಅವುಗಳಿಗೆ ಒಂದು ಆಕಳಿಕೆ. ಆರ್ದ್ರಾದಂಥ ಮುದಿಯರನ್ನು ಬಿಟ್ಟರೆ ನೀವು ನೋಡುವವು ಹೆಚ್ಚುಕಮ್ಮಿ ಎಲ್ಲವೂ ಅಲ್ಲೇ ಇವೆ, ಆರ್ದ್ರಾ ಕೂಡ ಇರುವ ಸಾಧ್ಯತೆಯೇ ಜಾಸ್ತಿ.

ಹಳೇ ಬೆಳಕೇ ಬೇಕಿದ್ದರೆ ಚಂದ್ರನಿಲ್ಲದ ರಾತ್ರಿ ಆಂಡ್ರೋಮೀಡಾ ಗೆಲಾಕ್ಸಿ ಹುಡುಕಿ. ಕತ್ತಲೆ ಚೆನ್ನಾಗಿದ್ದರೆ ಬರಿಗಣ್ಣಿಗೇ ಸಿಗುತ್ತದೆ. ಮತ್ತೆ ಬೂದು ಮಸುಕೇ, ಮೊದಲೇ ಹೇಳಿಬಿಡುತ್ತೇನೆ. ಆ ಬೆಳಕು ಹೊರಟು 25 ಲಕ್ಷ ವರ್ಷ ಆಗಿದೆ. ಆಗ ನಮ್ಮಂಥ ಮನುಷ್ಯರೇ ಇರಲಿಲ್ಲ.

ಲುಬ್ಧಕದ ಎಡವಟ್ಟು ಎಲ್ಲರಿಗೂ ಆಗುತ್ತದೆ. ನಕ್ಷತ್ರ ದೂರದಿಂದಾಗಿ ಬರೀ ಬಿಂದು, ಅದರ ಬೆಳಕಿನ ಎಳೆಯನ್ನು ನಮ್ಮ ಗಾಳಿ ಸುಲಭವಾಗಿ ಅಲ್ಲಾಡಿಸುತ್ತದೆ. ಗ್ರಹ ಪುಟ್ಟ ಬಿಲ್ಲೆ. ಒಂದು ಎಳೆ ಅಲ್ಲಾಡಿದರೆ ಪಕ್ಕದ್ದು ಸರಿದೂಗಿಸುತ್ತದೆ. ಅದಕ್ಕೇ ಗ್ರಹ ಅಷ್ಟಾಗಿ ಮಿನುಗುವುದಿಲ್ಲ.

ಪೆನ್ಸಿಲ್

ನಾನೂ ಹೊಸಬಳೇ, ಒಂದು ವರ್ಷ ಆಯಿತು. ಒಂದೇ ಸಲಹೆ, ಪುಸ್ತಕ ಇಡಿ. ಗುರುವಿಗೆ ಒಂದು ಸೊನ್ನೆ, ಚಂದ್ರರಿಗೆ ಚುಕ್ಕೆ, ಪಕ್ಕದಲ್ಲಿ ದಿನ ಮತ್ತು ಹೊತ್ತು. ಚಿತ್ರ ಬರದಿದ್ದರೂ ಪರವಾಗಿಲ್ಲ, ನನ್ನ ಮೊದಲ ಪುಟ ನೋಡಿದರೆ ಮಗು ಗೀಚಿದ್ದು ಅನ್ನಬೇಕು. ಬರೆಯಲು ಕೂತಾಗ ಮಾತ್ರ ನಾನು ನಿಜವಾಗಿ ನೋಡುತ್ತೇನೆ, ಇಲ್ಲದಿದ್ದರೆ ಕಣ್ಣು ಹಾಯಿಸಿ ಹೋಗಿಬಿಡುತ್ತೇನೆ. ಐದಾರು ರಾತ್ರಿ ಆದ ಮೇಲೆ ಪುಟ ತಿರುಗಿಸಿ ನೋಡಿ. ಹತ್ತಿರದ್ದು, ಅಯೋ, ಎರಡು ದಿನದೊಳಗೆ ಸುತ್ತು ಮುಗಿಸಿ ಆ ಕಡೆ ಈ ಕಡೆ ಜಿಗಿಯುತ್ತಿರುತ್ತದೆ. ದೂರದ್ದು, ಕ್ಯಾಲಿಸ್ಟೋ, ಹದಿನಾರೂ ಮುಕ್ಕಾಲು ದಿನ ತಗೊಂಡು ನಿಧಾನಕ್ಕೆ ನಡೆಯುತ್ತದೆ. ಕೆಲವು ದಿನ ಮೂರೇ ಕಾಣುತ್ತವೆ. ಆಗ ಏನಾಯಿತು ಅಂತ ಯೋಚಿಸಿ, ಉತ್ತರ ನಾನು ಹೇಳುವುದಿಲ್ಲ.

ತಾರಸಿಯವನು

ಪೆನ್ಸಿಲ್ ಅವರೇ, ನಿನ್ನೆ ಮೂರೇ ಇದ್ದವು! ಆ್ಯಪ್ ನೋಡಿದೆ, ಕಾಣೆಯಾದದ್ದು ಅಯೋ. ಗುರುವಿನ ಹಿಂದೆ ಹೋಗಿದೆ, ಅಂಚಿನಿಂದ ಇಣುಕುತ್ತದೆ ಅಂತ ಅಂಚಿಗೇ ಕಣ್ಣು ನೆಟ್ಟು 56ರಲ್ಲಿ ಕೂತಿದ್ದೆ. ಇಣುಕಲಿಲ್ಲ. ಕುತ್ತಿಗೆ ನೋವು ಬಂತು. ಎದ್ದು ಹೋಗೋಣ ಅನ್ನುವಷ್ಟರಲ್ಲಿ ಅಂಚಿನಿಂದ ಸ್ವಲ್ಪ ದೂರ, ಏನೂ ಇಲ್ಲದ ಜಾಗದಲ್ಲಿ, ಇದೆಯೋ ಇಲ್ಲವೋ ಅನ್ನುವ ಹಾಗೆ ಒಂದು ಚುಕ್ಕೆ. ಮೂರು ನಾಲ್ಕು ನಿಮಿಷದಲ್ಲಿ ದೀಪ ದೊಡ್ಡದು ಮಾಡಿದ ಹಾಗೆ ಪೂರ್ತಿ ಹೊಳಪಿಗೆ ಬಂತು. ಮೊದಲು ಕಂಡಾಗ ಗಡಿಯಾರ 9:47. ಅದು ಅಂಚಿನಿಂದ ಯಾಕೆ ಬರಲಿಲ್ಲ?

ಹಳೇ ದುರ್ಬೀನು

ಯಾಕೆಂದರೆ ಅದು ಗುರುವಿನ ಬೆನ್ನ ಹಿಂದಿನಿಂದ ಬಂದದ್ದಲ್ಲ, ಗುರುವಿನ ನೆರಳಿನಿಂದ ಬಂದದ್ದು. ಬೆನ್ನ ಹಿಂದಿನಿಂದ ಆಗಲೇ ಹೊರಗೆ ಬಂದಿತ್ತು, ಬಿಸಿಲು ಬೀಳದೆ ನಿಮಗೆ ಕಾಣಲಿಲ್ಲ. ಸೂರ್ಯ ಒಂದು ಕಡೆಯಿಂದ ನೋಡುತ್ತಾನೆ, ನಾವು ಇನ್ನೊಂದು ಕಡೆಯಿಂದ, ಆದ್ದರಿಂದ ನೆರಳು ಗುರುವಿನ ಪಕ್ಕಕ್ಕೆ ಚಾಚಿರುತ್ತದೆ. ನೀವು ನೋಡಿದ್ದು ಒಂದು ಗ್ರಹಣ ಬಿಡುವುದನ್ನು.

9:47 ಅಂತ ಬರೆದಿಟ್ಟಿರಲ್ಲ, ಭೇಷ್. 1676ರಲ್ಲಿ ಓಲೆ ರೋಮರ್ ಅನ್ನುವ ಖಗೋಳ ವಿಜ್ಞಾನಿ ಇದನ್ನೇ ಬರೆದಿಟ್ಟುಕೊಂಡು ಕೂತಿದ್ದ. ಅಯೋದ ಗ್ರಹಣಗಳು ಗಡಿಯಾರದ ಹಾಗೆ ಆಗಬೇಕು. ಆದರೆ ಭೂಮಿ ಗುರುವಿನಿಂದ ದೂರ ಹೋಗುವ ತಿಂಗಳುಗಳಲ್ಲಿ ಬರಬರುತ್ತಾ ತಡವಾಗುತ್ತಿದ್ದವು, ಹತ್ತಿರ ಬರುವಾಗ ಬೇಗ. ಬೆಳಕು ಬರಲು ಹೊತ್ತು ಹಿಡಿಯುತ್ತದೆ ಅಂತ ಅವನಿಗೆ ಹೊಳೆದದ್ದು ಅಲ್ಲಿಂದ. ಭೂಮಿ ಸೂರ್ಯನ ಸುತ್ತ ಹೋಗುವ ದಾರಿಯನ್ನು ಈ ತುದಿಯಿಂದ ಆ ತುದಿಗೆ ದಾಟಲು ಬೆಳಕಿಗೆ 22 ನಿಮಿಷ ಬೇಕು ಅಂದ. ನಿಜವಾಗಿ ಹದಿನಾರೂವರೆ ನಿಮಿಷದಷ್ಟು, ಆದರೆ ಆ ಕಾಲದ ಗಡಿಯಾರಕ್ಕೆ ಅದು ಕೆಟ್ಟ ಲೆಕ್ಕವೇನಲ್ಲ.

ಒಂದು ಗ್ರಹಣದಿಂದ ಮುಂದಿನದಕ್ಕೆ 42 ಗಂಟೆ 28 ನಿಮಿಷ, ಮೇಲೆ ಅರ್ಧ ನಿಮಿಷ. ಮುಂದೆ ಯಾವಾಗ ನೋಡಬಹುದು ಅಂತ ನೀವೇ ಹೇಳಿ. ಆ್ಯಪ್ ನೋಡಬೇಡಿ.

ತಾರಸಿಯವನು

ಮೊದಲನೇದು ನಾಳೆ ಸಂಜೆ 4:15, ಬಿಸಿಲು. ಎರಡನೇದು ಬೆಳಿಗ್ಗೆ 10:44, ಅದೂ ಹೋಯಿತು. ಮೂರನೇದು ಬೆಳಗಿನ ಜಾವ 5:13, ಅಷ್ಟೊತ್ತಿಗೆ ಗುರು ಮುಳುಗಿರುತ್ತದೆ. ನಾಲ್ಕನೇದು ನಾನು ನೋಡಿದ ರಾತ್ರಿಗೆ ಸರಿಯಾಗಿ ಒಂದು ವಾರಕ್ಕೆ, ರಾತ್ರಿ 11:41. ಕಾಗದದ ಮೇಲೆ ಮೂರು ಸಲ ಕೂಡಿಸಿದೆ, ಮೂರು ಸಲವೂ ಅದೇ ಬಂತು.

ಪೆನ್ಸಿಲ್

ಲೆಕ್ಕ ಅಂದರೆ ಜ್ವರ ಅಂದಿದ್ದಿರಿ?

ತಾರಸಿಯವನು

ಒಂದು ವಾರದ ನಂತರ. ಮೋಡ ಇರಲಿಲ್ಲ. ಹನ್ನೊಂದೂಕಾಲಿಗೇ ಹೋಗಿ ಕೂತೆ, ಸ್ಟೂಲ್ ತಗೊಂಡು ಹೋಗಿದ್ದೆ ಈ ಸಲ. ಚುಕ್ಕೆ ಕಂಡಿತು, 11:42ಕ್ಕೆ. ಒಂದು ನಿಮಿಷ ತಡ. ಇದು ರೋಮರ್ ಹೇಳಿದ ತಡವಾ, ನನ್ನ ಕಣ್ಣಿನ ತಡವಾ?

ಹಳೇ ದುರ್ಬೀನು

ಒಂದು ಸಲಕ್ಕೆ ಕಣ್ಣಿಂದೇ ಇರಬೇಕು ಅಂತಲೇ ಇಟ್ಟುಕೊಳ್ಳಿ. ಗುರು ಸಂಜೆ ಆಕಾಶದಲ್ಲಿ ಇರುವಷ್ಟು ದಿನ ಬರೆಯುತ್ತಾ ಹೋಗಿ, ಪುಟ ತುಂಬಿದ ಮೇಲೆ ಇಲ್ಲೇ ಹಾಕಿ. ನೋಡೋಣ.